ಪುಟ್ಟಿ ಹಚ್ಚದ ಕಾರು

ಕಾರು ನೋಡೋಕೆ ಹೋಗುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿದ್ದೆ. ನನ್ನದು ಮೂಡಿಗೆರೆಯಲ್ಲಿ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ. ಗುಂಡುಪಿನ್ನು ಚೆಲ್ಲಾಪಿಲ್ಲಿ ಆಗಬಾರದು ಅಂತ ಕೌಂಟರಿನ ಮೇಲೆ ಇಟ್ಟಿರುವ ಮ್ಯಾಗ್ನೆಟ್ಟು ಅದು. ಕಾರಿನ ಯಜಮಾನರು ನಿವೃತ್ತ ಮೇಷ್ಟ್ರು. "ಒಂದು ಗೀಟೂ ಬಿದ್ದಿಲ್ಲ ಕಣ್ರೀ, ಒಂದೇ ಕೈಯಲ್ಲಿ ಓಡಿರೋ ಗಾಡಿ" ಅಂತ ಅವರು ಹೇಳ್ತಾ ಇದ್ದ ಹಾಗೇ ನಾನು ಮೆಲ್ಲಗೆ ಬಾನೆಟ್ಟಿಗೆ ಮ್ಯಾಗ್ನೆಟ್ ಹಚ್ಚಿದೆ. ಟಕ್ ಅಂತ ಹಿಡೀತು. ಟಾಪಿಗೂ ಹಿಡೀತು. ಎಡಗಡೆ ಹಿಂದಿನ ಬಾಗಿಲಿಗೆ ಇಟ್ಟೆ, ಜಾರಿ ಹುಲ್ಲಿಗೆ ಬಿತ್ತು. ತಗಡಿಗೆ ಹಿಡಿಯೋ ಮ್ಯಾಗ್ನೆಟ್ಟು, ಡೆಂಟು ಮುಚ್ಚೋಕೆ ಮೆತ್ತೋ ಪುಟ್ಟಿಗೆ ಹಿಡಿಯೋದಿಲ್ಲ. ಮೇಷ್ಟ್ರು ಹುಲ್ಲು ನೋಡಿದರು, ನಾನೂ ನೋಡಿದೆ. 28,000 ಅಂದಿದ್ದವರು 24,000ಕ್ಕೆ ಒಪ್ಪಿದರು.

1997ರ ಮಾರುತಿ 800. ಬಿಳಿ ಬಣ್ಣ, ಕಾರ್ಬ್ಯುರೇಟರ್ ಎಂಜಿನ್ನು, ನಾಲ್ಕು ಗೇರು. 796 ಸಿಸಿ, ಮೂರು ಸಿಲಿಂಡರು. ಇದನ್ನು ಇಟ್ಟುಕೊಂಡು ರೇಸಿಗೆ ಹೋಗ್ತೀನಿ ಅಂದಾಗ ಮನೆಯಲ್ಲಿ ಮೊದಲು ನಕ್ಕರು, ಆಮೇಲೆ ಬೈದರು. ನನ್ನ ವಯಸ್ಸು 43.

ರೇಸು ಅಂದರೆ ಟಿವಿಯಲ್ಲಿ ಬರೋ ಥರದ್ದಲ್ಲ. ಕೊಡಗಿನಲ್ಲಿ, ನಮ್ಮ ಚಿಕ್ಕಮಗಳೂರು ಕಡೆ ಭತ್ತದ ಕುಯ್ಲು ಮುಗಿದ ಮೇಲೆ ಗದ್ದೆ ಖಾಲಿ ಬಿದ್ದಿರುತ್ತಲ್ಲ, ಅಲ್ಲಿ ಬದು ಸವರಿ, ಸುಣ್ಣ ಹಾಕಿ, ಟೈರು ಜೋಡಿಸಿ ಒಂದು ದಾರಿ ಮಾಡ್ತಾರೆ. ಅದೇ ಆಟೋಕ್ರಾಸ್. ಒಂದು ಸಲಕ್ಕೆ ಒಂದೇ ಕಾರು. ಪಕ್ಕದಲ್ಲಿ ಯಾರೂ ಇರೋದಿಲ್ಲ, ನಿಮ್ಮ ಜಗಳ ಏನಿದ್ದರೂ ಗಡಿಯಾರದ ಜೊತೆ. ಮಣ್ಣಿನಲ್ಲಿ ಜಾರಿಕೊಂಡು ತಿರುವು ತಗೋಬೇಕು. ನಾನು ಹತ್ತು ವರ್ಷದಿಂದ ಹಗ್ಗದ ಈಚೆ ನಿಂತು ಧೂಳು ಕುಡಿದವನು. ಆಚೆ ಹೋಗೋಣ ಅನ್ನಿಸಿತು, ಅಷ್ಟೇ.

ಬೇಲೂರು ರಸ್ತೆಯಲ್ಲಿ ನಮ್ಮ ಟಿಂಕರ್ ಮೇಸ್ತ್ರಿ ಶೆಡ್ಡಿದೆ. ಅರವತ್ತು ದಾಟಿದ ಮನುಷ್ಯ. ಅಪ್ಪನ ಅಂಬಾಸಿಡರಿನ ಕಾಲದಿಂದ ನಮ್ಮ ಮನೆಯ ಗಾಡಿಗಳೆಲ್ಲ ಪೆಟ್ಟು ತಿಂದಾಗ ಅವರ ಕೈಗೇ ಹೋಗಿರೋದು. ಅವರು ಡೆಂಟನ್ನು ಕಣ್ಣಿನಿಂದ ನೋಡೋದಿಲ್ಲ. ಅಂಗೈಯನ್ನು ತಗಡಿನ ಮೇಲೆ ಎಳೆದುಕೊಂಡು ಹೋಗ್ತಾರೆ, ಆಗ ಮುಖ ಬೇರೆ ಕಡೆ ತಿರುಗಿರುತ್ತೆ. "ಇಲ್ಲಿ ಒಂದು ಕೂದಲೆಳೆ ಇಳಿದಿದೆ" ಅಂತಾರೆ. ನಾವು ಮುಟ್ಟಿದರೆ ಏನೂ ಗೊತ್ತಾಗೋದಿಲ್ಲ.

"ಏನ್ ಸಾರ್, ಹೊಸದರ ಥರ ಮಾಡ್ಬೇಕಾ?"

"ಇಲ್ಲ ಮೇಸ್ತ್ರಿ. ಖಾಲಿ ಮಾಡ್ಬೇಕು."

ಅವರಿಗೆ ಇದು ಅರ್ಥ ಆಗೋಕೆ ಒಂದು ವಾರ ಬೇಕಾಯಿತು. ಅವರ ತಪ್ಪಲ್ಲ. ನಲವತ್ತು ವರ್ಷ ಅವರು ಮಾಡಿಕೊಂಡು ಬಂದಿರೋದು ಪೆಟ್ಟು ಬಿದ್ದದ್ದು ಕಾಣದ ಹಾಗೆ ಮಾಡೋ ಕೆಲಸ. ಕಾರಿನ ಬಾಡಿ ಅಂದರೆ ಅವರ ಪಾಲಿಗೆ ಮುಖ. ನಾನು ಹೋಗಿ ಇದು ಮುಖ ಅಲ್ಲ, ಮೂಳೆ ಅಂತಿದೀನಿ.

ಮೊದಲು ಬಿಚ್ಚೋ ಕೆಲಸ. ಮಳೆಗಾಲ ಹಿಡಿದಿತ್ತು. ಮಲೆನಾಡಿನ ಜೂನ್-ಜುಲೈನಲ್ಲಿ ಪೇಂಟು ಒಣಗೋದಿಲ್ಲ, ಹಾಗಾಗಿ ಶೆಡ್ಡಿನಲ್ಲಿ ಬೇರೆ ಗಾಡಿ ಕಮ್ಮಿ. ಭಾವನ ತೋಟದಿಂದ ಕಾಫಿ ಹಣ್ಣು ತೂಗೋ ತೂಗು ತಕ್ಕಡಿ ತಂದು ಶೆಡ್ಡಿನ ತೊಲೆಗೆ ನೇತು ಹಾಕಿದೆ. ಬಿಚ್ಚಿದ ಒಂದೊಂದನ್ನೂ ಗೋಣಿಚೀಲಕ್ಕೆ ಹಾಕಿ ತೂಗಿ ಬರೆದಿಟ್ಟೆ. ಮುಂದಿನ ಎರಡು ಸೀಟು 21 ಕೆಜಿ. ಹಿಂದಿನ ಸೀಟು 12. ಸ್ಟೆಪ್ನಿ, ಜಾಕು, ಪಾನಾ ಸೇರಿ 13. ಮ್ಯಾಟು, ಟಾಪಿನ ಬಟ್ಟೆ, ಬಾಗಿಲಿನ ರೆಕ್ಸಿನ್ ಹಲಗೆಗಳು 9.5. ಹಿಂದಿನ ಬಾಗಿಲುಗಳ ಗಾಜು, ಅದನ್ನು ಏರಿಸಿ ಇಳಿಸೋ ಮಿಷಿನ್ನು 5.5. ಹಿಂದಿನ ಬಂಪರು 3, ಮೇಷ್ಟ್ರು ಹಾಕಿಸಿದ್ದ ಕ್ಯಾರಿಯರು 3.

ನೆಲದ ತಗಡಿಗೆ ಟಾರಿನ ಹಾಳೆ ಅಂಟಿಸಿರುತ್ತಾರೆ, ಸದ್ದು ಬರಬಾರದು ಅಂತ. ಅದನ್ನು ಕೀಳೋದು ಹಿಂಸೆ. ಬೇರೆ ದೇಶದಲ್ಲಿ ಡ್ರೈ ಐಸ್ ಹರಡಿ, ಟಾರು ಹೆಪ್ಪುಗಟ್ಟಿದ ಮೇಲೆ ಸುತ್ತಿಗೆಯಲ್ಲಿ ತಟ್ಟಿ ಬಿಸ್ಕತ್ತಿನ ಹಾಗೆ ಒಡೆದು ತೆಗೀತಾರೆ. ಮೂಡಿಗೆರೆಯಲ್ಲಿ ಡ್ರೈ ಐಸ್ ಎಲ್ಲಿಂದ ತರೋದು? ಮೀನಂಗಡಿಯವನ ಹತ್ತಿರ ಒಂದು ಚೀಲ ಐಸು ತಂದೆ, ಕಲ್ಲುಪ್ಪು ಕಲಸಿ ಅಗಲ ತಟ್ಟೆಗಳಲ್ಲಿ ಹಾಕಿ ನೆಲದ ಮೇಲೆ ಇಟ್ಟೆ. ಉಪ್ಪು ಬಿದ್ದರೆ ಐಸಿನ ತಾಪ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತೆ, ಕುಲ್ಫಿ ಮಾಡೋರೆಲ್ಲ ಬಲ್ಲರು. ಅರ್ಧಂಬರ್ಧ ಕೆಲಸ ಆಯಿತು. ತಟ್ಟೆ ನೇರ ಕೂತ ಕಡೆ ಟಾರು ಚಟಚಟ ಎದ್ದು ಬಂತು. ಉಬ್ಬುತಗ್ಗು ಇದ್ದ ಕಡೆ ಹಾಗೇ ಮೆತ್ತಗೆ ಕೂತಿತ್ತು. ಉಳಿದದ್ದನ್ನು ಹೀಟ್ ಗನ್ನು, ಉಳಿ ಹಿಡಿದು ಮೂರು ಸಂಜೆ ಕೆರೆದೆ. 4.5 ಕೆಜಿ ಟಾರು. ಒಂದು ವಾರ ಕಾರಿಗೆಲ್ಲ ಬಂಗುಡೆ ವಾಸನೆ.

ಆಮೇಲೆ ಆ ಎಡಗಡೆ ಬಾಗಿಲು. ಮೇಸ್ತ್ರಿ ಗ್ರೈಂಡರ್ ಇಟ್ಟರು, ಬಿಳಿ ಪೇಂಟು ಹೋಯಿತು, ಬೂದು ಪ್ರೈಮರ್ ಹೋಯಿತು, ಪುಟ್ಟಿ ಶುರುವಾಯಿತು. ಮುಗೀಲೇ ಇಲ್ಲ. ನಡುವೆ ಹೋಳಿಗೆ ದಪ್ಪಕ್ಕೆ ಇತ್ತು. ಪುಟ್ಟಿಯ ಕೆಳಗೆ ಇನ್ನೊಂದು ಬಿಳಿ ಪೇಂಟು, ಅದರ ಕೆಳಗೆ ಇನ್ನೊಂದು ಪುಟ್ಟಿ. ಎರಡು ಅಪಘಾತ, ಒಂದರ ಮೇಲೊಂದು. ಮೇಸ್ತ್ರಿ ಗ್ರೈಂಡರ್ ನಿಲ್ಲಿಸಿ ಕೆಳಗಿನ ಪದರವನ್ನು ಉಗುರಲ್ಲಿ ಕೆರೆದು ನೋಡಿದರು. "ಇದು ನಮ್ಮದೇ ಕೆಲಸ ಸಾರ್," ಅಂದರು. ಅವರ ದನಿಯಲ್ಲಿ ನಾಚಿಕೆ ಇತ್ತೋ ಹೆಮ್ಮೆ ಇತ್ತೋ ಹೇಳೋಕಾಗಲ್ಲ. ಬಾಗಿಲು, ಮಡ್‌ಗಾರ್ಡು ಎಲ್ಲಾ ಸೇರಿ ಪುಟ್ಟಿಯ ಪುಡಿಯನ್ನು ಪೇಪರಿನ ಮೇಲೆ ಗುಡಿಸಿ ತೂಗಿದೆ. 3.5 ಕೆಜಿ.

ಒಟ್ಟು ತೆಗೆದದ್ದು 75 ಕೆಜಿ. ಕಾರಿನ ತೂಕವೇ ಸುಮಾರು 650 ಕೆಜಿ. ನಾನು ಆ ರಾತ್ರಿ ರೇಸು ಗೆದ್ದವನ ಹಾಗೆ ಮಲಗಿದೆ.

ತಗಡು ಬರಿದಾದ ಮೇಲೆ ನಿಜ ಸಂಗತಿ ಹೊರಬಿತ್ತು. ಡ್ರೈವರ್ ಕಾಲು ಇಡೋ ಜಾಗ, ಬ್ಯಾಟರಿ ಕೂರೋ ತಟ್ಟೆಯ ಕೆಳಗೆ, ರನ್ನಿಂಗ್ ಬೋರ್ಡಿನ ಒಳಮೈ, ಮುಂದಿನ ಸಸ್ಪೆನ್ಷನ್ ತಲೆ ಕೂರುವ ಏಪ್ರನ್ನಿನ (ಎಂಜಿನ್ನಿನ ಅಕ್ಕಪಕ್ಕದ ತಗಡು) ಜೋಡಣೆ, ನಾಲ್ಕು ಕಡೆ ತುಕ್ಕು. ನಮ್ಮೂರ ಮಳೆಯಲ್ಲಿ ಇಪ್ಪತ್ತೈದು ವರ್ಷ ನಿಂತ ಗಾಡಿಗೆ ಅಷ್ಟೂ ಆಗದೆ ಇರುತ್ತಾ? ಮೇಸ್ತ್ರಿ ಸಣ್ಣ ಸುತ್ತಿಗೆಯಲ್ಲಿ ಇಂಚಿಂಚು ತಟ್ಟಿಕೊಂಡು ಹೋದರು. ಗಟ್ಟಿ ತಗಡು ಠಣ್ ಅನ್ನುತ್ತೆ, ತುಕ್ಕು ತಿಂದದ್ದು ದಬ್ ಅನ್ನುತ್ತೆ. ದಬ್ ಅಂದ ಕಡೆಯೆಲ್ಲ ಸೀಮೆಸುಣ್ಣದ ಗುರುತು. ಠಣ್ ಅನ್ನೋವರೆಗೂ ಕತ್ತರಿಸಿ, 20 ಗೇಜ್ ತಗಡಿನ ತೇಪೆ ಹಾಕಿದರು.

ಈ ಕಾರಿಗೆ ಬೇರೆ ಚಾಸಿ ಅಂತ ಇಲ್ಲ. ಬಾಡಿಯೇ ಚಾಸಿ. ತಗಡುಗಳನ್ನು ಚುಕ್ಕೆ ವೆಲ್ಡಿಂಗಿನಲ್ಲಿ ಸೇರಿಸಿರುತ್ತಾರೆ. ಗದ್ದೆಯಲ್ಲಿ ಹಾರಿ ಬಿದ್ದಾಗ ಆ ಚುಕ್ಕೆಗಳ ನಡುವೆ ತಗಡು ಹೊರಳುತ್ತೆ, ಕಾರು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ. ಅದಕ್ಕೇ ರೇಸಿನವರು ಜೋಡಣೆಯ ಉದ್ದಕ್ಕೂ ಹೊಲಿಗೆ ಹಾಕಿದ ಹಾಗೆ ವೆಲ್ಡಿಂಗ್ ಮಾಡಿಸ್ತಾರೆ. ಒಂದಿಂಚು ವೆಲ್ಡಿಂಗು, ಎರಡಿಂಚು ಬಿಡುವು. ಪೂರ್ತಿ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತೆ. ಎಡಕ್ಕೊಂದು ಬಲಕ್ಕೊಂದು ಅಂತ ಜಾಗ ಬದಲಿಸ್ತಾ, ಮಧ್ಯೆ ಬೀಡಿ ಸೇದ್ತಾ ಮೇಸ್ತ್ರಿ ಎರಡು ದಿನ ತಗೊಂಡರು. ಬೀಡಿ ಸೇದೋದು ತಗಡು ತಣ್ಣಗಾಗಲಿ ಅಂತಂತೆ. ವೆಲ್ಡಿಂಗಿಗೆ ಮುಂಚೆ ಪೆಟ್ರೋಲ್ ಟ್ಯಾಂಕು ಕಳಚಿ ಶೆಡ್ಡಿನಿಂದಲೇ ಆಚೆ ಇಟ್ಟೆವು, ಬ್ಯಾಟರಿಯನ್ನೂ ತೆಗೆದೆವು. ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತೆ. ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ.

ಇನ್ನು ರೋಲ್ ಕೇಜ್, ಅಂದರೆ ಕಾರು ಮಗುಚಿದರೂ ಒಳಗಿನವರು ಜಜ್ಜಿಹೋಗದ ಹಾಗೆ ಕಾರಿನೊಳಗೆ ಕಟ್ಟೋ ಪೈಪಿನ ಪಂಜರ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೀತೀನಿ, ಯಾಕಂದ್ರೆ ದುಡ್ಡು ಉಳಿಸೋಕೆ ಹೋಗಿ ಪ್ರಾಣ ಕಳಕೊಳ್ಳೋ ಜಾಗ ಇದೇ.

ಮೇಸ್ತ್ರಿ ಮೊದಲು ಹೇಳಿದ್ದು: "ಗೇಟಿಗೆ ಹಾಕೋ ಬಿ ಕ್ಲಾಸ್ ಪೈಪು ಹಾಕ್ಬಿಡೋಣ ಸಾರ್. ಮರಳು ತುಂಬಿ ಬಿಸಿ ಮಾಡಿ ಬಗ್ಗಿಸಿದ್ರೆ ಆಯ್ತು." ಅದು ಗೇಟಿಗೆ ಸರಿ. ಆ ಪೈಪಿಗೆ ಉದ್ದಕ್ಕೂ ಒಂದು ಜೋಡಣೆ ಇರುತ್ತೆ, ಪಲ್ಟಿ ಹೊಡೆದಾಗ ಅಲ್ಲೇ ಬಾಯಿ ಬಿಡಬಹುದು. ಕಾಯಿಸಿ ಬಗ್ಗಿಸಿದರೆ ತಿರುವಿನಲ್ಲಿ ಚಪ್ಪಟೆ ಆಗುತ್ತೆ. ನಮ್ಮ ದೇಶದಲ್ಲಿ ಮೋಟಾರ್ ಸ್ಪೋರ್ಟ್ ನಡೆಸೋದು ಎಫ್‌ಎಂಎಸ್‌ಸಿಐ. ಅದರ ಮೇಲಿನ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎ ಕೇಜಿನ ಬಗ್ಗೆ ಬರೆದಿಟ್ಟಿರೋದನ್ನು ಪ್ರಿಂಟ್ ಹಾಕಿ (ಅಂಗಡಿ ಇರೋದು ಮತ್ಯಾಕೆ) ಶೆಡ್ಡಿನ ಗೋಡೆಗೆ ಅಂಟಿಸಿದೆ. ಜೋಡಣೆ ಇಲ್ಲದ, ತಣ್ಣಗೆ ಎಳೆದ ಉಕ್ಕಿನ ಪೈಪು. ಡ್ರೈವರ್ ಹಿಂದೆ ನಿಲ್ಲೋ ದೊಡ್ಡ ಕಮಾನಿಗೆ 45 ಮಿಮೀ ಅಗಲ, 2.5 ಮಿಮೀ ದಪ್ಪ. ಮಿಕ್ಕ ಪೈಪುಗಳಿಗೆ 38 ಮಿಮೀ, 2.5 ದಪ್ಪ. ಕಾಯಿಸದೆ ಬಗ್ಗಿಸಬೇಕು, ತಿರುವಿನ ತ್ರಿಜ್ಯ ಪೈಪಿನ ಅಗಲದ ಮೂರರಷ್ಟಾದರೂ ಇರಬೇಕು. ಪೈಪಿನ ಕಾಲು ಬಾಡಿಗೆ ಕೂರೋ ಕಡೆ 3 ಮಿಮೀ ದಪ್ಪದ, ಕನಿಷ್ಠ 120 ಚದರ ಸೆಂಟಿಮೀಟರಿನ ಪ್ಲೇಟು.

ಆ ಪ್ಲೇಟು ಯಾಕೆ ಅಂತ ಚಿಕ್ಕಮಗಳೂರಿನ ಒಬ್ಬ ಹಳೆಯ ರ‍್ಯಾಲಿ ಮೆಕ್ಯಾನಿಕ್ಕು ನನಗೆ ಎಳನೀರು ಅಂಗಡಿಯ ಮುಂದೆ ನಿಂತು ತೋರಿಸಿದರು. ಎಳನೀರು ಕುಡಿಯೋ ಸ್ಟ್ರಾ ತಗೊಂಡು ಪೇಪರಿಗೆ ಚುಚ್ಚಿದರು, ಆ ಕಡೆ ಬಂತು. ಸ್ಟ್ರಾದ ಕೆಳಗೆ ಒಂದು ರೂಪಾಯಿ ನಾಣ್ಯ ಇಟ್ಟು ಒತ್ತಿದರು, ಪೇಪರು ತಗ್ಗಿತೇ ಹೊರತು ಹರೀಲಿಲ್ಲ. ನೆಲದ ತಗಡು ಒಂದು ಮಿಲಿಮೀಟರೂ ಇಲ್ಲ. ಅದರ ಮೇಲೆ ಪೈಪನ್ನು ಸುಮ್ಮನೆ ಬೆಸೆದರೆ ಕಾರು ಮಗುಚಿದಾಗ ಪೈಪು ನೆಲ ತೂತು ಮಾಡಿಕೊಂಡು ಹೋಗುತ್ತೆ, ಟಾಪು ತಲೆ ಮೇಲೆ ಬರುತ್ತೆ.

ಪೀಣ್ಯದಲ್ಲಿ ಬಗ್ಗಿಸಿ ತರಿಸಿದೆ. ಲಾರಿ ಪಾರ್ಸೆಲ್ಲಿನಲ್ಲಿ ಬಂತು. ಮುಂದಿನ ಗಾಜು ತೆಗೆದು ಅಲ್ಲಿಂದ ಒಳಗೆ ತೂರಿಸಿದೆವು. ಕೂತಿತು. ಎಷ್ಟು ಚೆನ್ನಾಗಿ ಅಂದರೆ ಟಾಪಿಗೂ ಪೈಪಿಗೂ ನಡುವೆ ಬೆರಳು ತೂರೋದಿಲ್ಲ. ಅಲ್ಲೇ ಎಡವಟ್ಟು. ಪೈಪು ಪೈಪು ಸೇರೋ ಕಡೆ ಸುತ್ತಲೂ ವೆಲ್ಡಿಂಗ್ ಆಗಬೇಕು. ಕೆಳಗಿನ ಅರ್ಧ ಮಾಡಬಹುದು, ಮೇಲಿನ ಅರ್ಧಕ್ಕೆ ವೆಲ್ಡಿಂಗ್ ಟಾರ್ಚು ಹೋಗೋದಿಲ್ಲ. ಟಾಪು ಕತ್ತರಿಸಬೇಕಾ? ನಾನು ಹಾಗೇ ಅಂದುಕೊಂಡೆ. ಮೇಸ್ತ್ರಿ ಏನೂ ಮಾತಾಡದೆ ಟೀ ಕುಡಿಯೋಕೆ ಹೋದರು. ವಾಪಸ್ ಬಂದವರು ನಾಲ್ಕು ಕಾಲು ಕೂರೋ ಕಡೆ ನೆಲಕ್ಕೆ ನಾಲ್ಕು ತೂತು ಹೊಡೆದರು, ಪೈಪು ಸರಿಯಾಗಿ ತೂರುವಷ್ಟು. ಹಿಂದಕ್ಕೆ ಹೋಗೋ ಎರಡು ಕಾಲುಗಳನ್ನು ಆಮೇಲೆ ಸೇರಿಸೋಣ ಅಂತ ಪಕ್ಕಕ್ಕಿಟ್ಟರು. ನಾವು ಮೂರು ಜನ ಹಿಡಿದು ಇಡೀ ಕೇಜನ್ನು ಆ ತೂತುಗಳಲ್ಲಿ ಒಂದು ಗೇಣು ಕೆಳಕ್ಕೆ ಇಳಿಸಿದೆವು. ಈಗ ಟಾಪಿಗೂ ಕೇಜಿಗೂ ನಡುವೆ ಕೈ ಆಡಿಸುವಷ್ಟು ಜಾಗ. ಸಿಒಟು ವೆಲ್ಡಿಂಗ್ ಮಿಷಿನ್ನಿನಲ್ಲಿ ಸುತ್ತಲೂ ವೆಲ್ಡ್ ಮಾಡಿ, ಮತ್ತೆ ಎತ್ತಿ, ತೂತಿನ ಮೇಲೆ ಪ್ಲೇಟು ಹಾಕಿ ಕಾಲು ನಿಲ್ಲಿಸಿದರು. ಬೇರೆ ದೇಶದ ಕೇಜ್ ಕಟ್ಟೋರೂ ಇದನ್ನೇ ಮಾಡ್ತಾರೆ ಅಂತ ಎಷ್ಟೋ ದಿನದ ಮೇಲೆ ನನಗೆ ಗೊತ್ತಾಯಿತು. ಮೇಸ್ತ್ರಿಗೆ ಹೇಳಿದೆ. "ಅವ್ರೂ ಟೀ ಕುಡಿತಾರೇನೋ" ಅಂದರು.

ಕೇಜು 38 ಕೆಜಿ. ಸೆಕೆಂಡ್ ಹ್ಯಾಂಡ್ ಬಕೆಟ್ ಸೀಟು, ಅದರ ಕಾಲು ಸೇರಿ 11. ಚೇಂಬರಿಗೆ (ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ) ಕಲ್ಲು ಬಡಿಯದ ಹಾಗೆ ಕೆಳಗೆ 3 ಮಿಮೀ ಉಕ್ಕಿನ ಗಾರ್ಡು, 9. ಅದರ ಮುಂದಿನ ತುದಿಯನ್ನು ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಗ್ಗಿಸಬೇಕು, ಇಲ್ಲದಿದ್ದರೆ ಗದ್ದೆ ಮಣ್ಣನ್ನು ನೇಗಿಲಿನ ಹಾಗೆ ಉತ್ತುಕೊಂಡು ಹೋಗುತ್ತೆ. ಆಯಿಲ್ ಬಿಡೋ ಬೋಲ್ಟಿನ ಕೆಳಗೆ ಒಂದು ತೂತು ಇಡೋಕೆ ಮರೆಯಬಾರದು. (ಮರೆತೆವು.) ಬೆಲ್ಟು, ಬೆಂಕಿ ಆರಿಸೋ ಸಿಲಿಂಡರು 5. ಹಿಂದಿನ ಬಾಗಿಲುಗಳಿಗೆ ಗಾಜಿನ ಬದಲು ಪಾಲಿಕಾರ್ಬೊನೇಟ್ ಹಾಳೆ 2. ಇಲ್ಲಿ ಅಕ್ರಿಲಿಕ್ ಹಾಕೋಕೆ ಹೋಗಬೇಡಿ, ನೋಡೋಕೆ ಒಂದೇ ಥರ ಇರುತ್ತೆ, ಬೆಲೆ ಕಮ್ಮಿ, ಆದರೆ ಒಡೆದರೆ ಚಾಕುವಿನಂಥ ಚೂರು. ಪಾಲಿಕಾರ್ಬೊನೇಟ್ ಬಾಗುತ್ತೆ.

ಒಟ್ಟು ಹಾಕಿದ್ದು 65 ಕೆಜಿ.

ತೆಗೆದದ್ದು 75, ಹಾಕಿದ್ದು 65. ಎರಡೂವರೆ ತಿಂಗಳಿಗೆ ಉಳಿದದ್ದು 10 ಕೆಜಿ. ನಾನು ಲೆಕ್ಕದ ಪುಸ್ತಕ ಹಿಡಿದು ಸಪ್ಪಗೆ ಕೂತಿದ್ದಾಗ ಮೇಸ್ತ್ರಿ ನನ್ನ ಹೊಟ್ಟೆ ಕಡೆ ನೋಡಿ, "ಸಾರ್, ಆ ಹತ್ತು ಕೆಜಿ ಬೇರೆ ಕಡೆಯಿಂದನೂ ತೆಗೀಬಹುದಿತ್ತು" ಅಂದರು.

ಅವರು ಅಂದದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂದು ದಡ್ಡತನ ಮಾಡಿದೆ. ಬಾನೆಟ್ಟಿನ ಒಳಗೆ ತಗಡಿನದೇ ಒಂದು ಅಸ್ಥಿಪಂಜರ ಇರುತ್ತೆ. ಭಾನುವಾರ ಮೇಸ್ತ್ರಿ ಇಲ್ಲದಾಗ ಗ್ರೈಂಡರ್ ಹಿಡಿದು ಅದನ್ನು ಮುಕ್ಕಾಲು ಭಾಗ ಕತ್ತರಿಸಿ ತೆಗೆದೆ. ಲಾಕು ಕೂರೋ ಜಾಗದ ಸುತ್ತ ಮಾತ್ರ ಅಂಗೈ ಅಗಲ ಬಿಟ್ಟೆ. 2 ಕೆಜಿ ಚಿಲ್ಲರೆ ಬಂತು. ಸೋಮವಾರ ಮೇಸ್ತ್ರಿ ಬಾನೆಟ್ ಎತ್ತಿದರು, ಅದು ಹಪ್ಪಳದ ಹಾಗೆ ಅಲ್ಲಾಡಿತು. "ಯಾರು ಮಾಡಿದ್ದು?" ಅಂದರು. ನಾನು ಮಾತಾಡಲಿಲ್ಲ. "ಎರಡು ಪಿನ್ನಾದ್ರೂ ಹಾಕಿಸ್ಕೊಳ್ಳಿ" ಅಂದರು. ಲಾಕು ಬಿಟ್ಟರೂ ಬಾನೆಟ್ಟು ಏಳದ ಹಾಗೆ ಹಿಡಿಯೋ ಈ ಬಾನೆಟ್ ಪಿನ್ನು ಹೇಗೂ ನಿಯಮದಲ್ಲೂ ಇದೆ. ಆನ್‌ಲೈನಿನಲ್ಲಿ ಹಾಕಿದ್ದೆ, ಬಂದಿರಲಿಲ್ಲ.

ಪಿನ್ನು ಬರೋವರೆಗೂ ಕಾಯಬೇಕಿತ್ತು. ಕಾಯಲಿಲ್ಲ. ಡಿಸೆಂಬರ್ ಕೊನೆಗೆ ಭಾವನ ಗದ್ದೆಯಲ್ಲಿ ಕುಯ್ಲು ಆಗಿತ್ತು, ಓಡಿಸಿ ನೋಡೋಣ ಅಂತ ಹೋದೆ. ಮೂರನೇ ಗೇರಿಗೆ ಹಾಕಿ ಬದು ಹಾರಿಸಿದೆ, ನೆಲಕ್ಕೆ ಬಿದ್ದಾಗ ಮುಂದೆ ಏನೋ ಹರಿದ ಸದ್ದಾಯಿತು. ಮರುಕ್ಷಣ ಬಾನೆಟ್ಟು ಎದ್ದು ಬಂದು ಗಾಜಿಗೆ ಬಡಿಯಿತು. ಎದುರಿಗೆ ಬರೀ ಬಿಳಿ. ಗದ್ದೆ ಇಲ್ಲ, ಆಕಾಶ ಇಲ್ಲ, ನನ್ನದೇ ಗ್ರೈಂಡರಿನ ಗೀರುಗಳು ಕಣ್ಣ ಮುಂದೆ. ಬ್ರೇಕ್ ಒತ್ತಿದೆ, ಕಾರು ಅಡ್ಡಡ್ಡ ಜಾರಿ ನಿಂತಿತು. ಇಳಿದು ನೋಡಿದರೆ ತೋಡಿಗೆ ನಾಲ್ಕು ಮಾರು ಬಾಕಿ. ಗಾಜು ಜೇಡರ ಬಲೆ ಆಗಿತ್ತು. ಲ್ಯಾಮಿನೇಟೆಡ್ ಆದ್ದರಿಂದ ಮುಖಕ್ಕೆ ಬೀಳಲಿಲ್ಲ. ಭಾವ ಓಡಿ ಬಂದು, ಉಸಿರು ಬಿಡ್ತಾ, ಮೊದಲು ಕೇಳಿದ್ದು: "ಮನೇಲಿ ಹೇಳ್ಬೇಕಾ?"

ಲಾಕಿನ ಕೊಕ್ಕೆ ತಾನು ಕೂತಿದ್ದ ಅಂಗೈ ಅಗಲದ ತಗಡನ್ನೇ ಕಿತ್ತುಕೊಂಡು ಬಂದಿತ್ತು. ಸುತ್ತಲಿನ ಪಂಜರ ಆ ಎಳೆತವನ್ನು ಇಡೀ ಬಾನೆಟ್ಟಿಗೆ ಹಂಚೋಕೆ ಇದ್ದದ್ದು. ಅದನ್ನೇ ನಾನು ಭಾರ ಅಂತ ತೆಗೆದಿದ್ದೆ. ಗುಜರಿಯಿಂದ ಒಂದು ನೀಲಿ ಬಾನೆಟ್ಟು 1,200 ರೂಪಾಯಿಗೆ ತಂದು ಹಾಗೇ ಹಾಕಿದೆ. ಬಿಳಿ ಕಾರು, ನೀಲಿ ಬಾನೆಟ್ಟು, ಎರಡು ಪಿನ್ನು. ಮೇಸ್ತ್ರಿ ಬಣ್ಣ ಹೊಡೆಯೋಣ ಅಂತ ನಾಲ್ಕು ಸಲ ಕೇಳಿದರು.

ಚಕ್ರದ ವಿಷಯ ಬೇಗ ಹೇಳಿಬಿಡ್ತೀನಿ. 800ರ 12 ಇಂಚಿನ ಚಕ್ರದ ಬದಲು ಝೆನ್ನಿನ 13 ಇಂಚಿನದು ಹಾಕಿದೆ. ನೆಲಕ್ಕೂ ಕಾರಿಗೂ ಸ್ವಲ್ಪ ಹೆಚ್ಚು ಅಂತರ ಸಿಗುತ್ತೆ. ಆದರೆ ಟೈರು ಮಡ್‌ಗಾರ್ಡಿನ ಒಳಮಡಿಕೆಗೆ ತಾಗುತ್ತೆ. ಆ ಮಡಿಕೆಯನ್ನು ಒಳಕ್ಕೆ ಮಲಗಿಸೋಕೆ ಒಂದು ಮಿಷಿನ್ನಿದೆ, ಬಡವರು ಬೇಸ್‌ಬಾಲ್ ದಾಂಡು ಬಳಸ್ತಾರಂತೆ. ನಮ್ಮನೆ ಅಟ್ಟದ ಮೇಲೆ ಅಜ್ಜಿ ಕಾಲದ ಒನಕೆ ಇತ್ತು. ಟೈರಿಗೂ ಮಡಿಕೆಗೂ ನಡುವೆ ಒನಕೆ ತೂರಿಸಿ, ನಾನು ಹಿಡಿದುಕೊಂಡು, ಮಗ ಕಾರನ್ನು ಒಂದೊಂದೇ ಗೇಣು ಮುಂದಕ್ಕೆ ತಳ್ಳಿದ. ಒನಕೆ ಉರುಳ್ತಾ ಮಡಿಕೆಯನ್ನು ಸವರಿಕೊಂಡು ಹೋಯಿತು. ತಗಡಿಗೆ ಮೊದಲೇ ಸ್ವಲ್ಪ ಬಿಸಿ ಕೊಟ್ಟಿದ್ದರಿಂದ ಪೇಂಟೂ ಹೆಚ್ಚು ಸಿಡಿಯಲಿಲ್ಲ. ಅಮ್ಮ ಜಗುಲಿಯಲ್ಲಿ ನಿಂತು ನೋಡಿದರು. "ಭತ್ತ ಕುಟ್ಟೋ ಒನಕೇನ ತಗೊಂಡು ಹೋಗಿ ಗದ್ದೇಲೇ ಕಾರು ಓಡ್ಸೋಕೆ ಹಾಕಿದ್ಯಲ್ಲೋ" ಅಂದರು. ಒನಕೆಯ ತುದಿಯ ಕಬ್ಬಿಣದ ಬಳೆಗೆ ಬಿಳಿ ಪೇಂಟು ಹತ್ತಿದ್ದು ಇನ್ನೂ ಹೋಗಿಲ್ಲ.

ಖರ್ಚು ಕೇಳ್ತೀರಿ, ಗೊತ್ತು. ಕಾರಿನ ದುಡ್ಡು ಸೇರಿ ಒಂದು ಲಕ್ಷ ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೇಜು, ಸೀಟು, ಬೆಲ್ಟು, ಹೆಲ್ಮೆಟ್ಟಿಗೆ. ಅಮೆರಿಕದಲ್ಲಿ 2006ರಿಂದ '24 ಅವರ್ಸ್ ಆಫ್ ಲೆಮನ್ಸ್' ಅಂತ ಒಂದು ರೇಸು ನಡೀತಾ ಇದೆ, 500 ಡಾಲರಿನ ಹಳೆ ಕಾರುಗಳಿಗೆ. ಅಲ್ಲೂ ಕೇಜು, ಸೀಟು, ಬೆಲ್ಟಿನಂಥ ಸುರಕ್ಷತೆಯ ಸಾಮಾನಿನ ಖರ್ಚನ್ನು ಆ 500ರಲ್ಲಿ ಸೇರಿಸೋದಿಲ್ಲ. ಇಲ್ಲದಿದ್ದರೆ ಜನ ಕೇಜಲ್ಲೇ ಉಳಿತಾಯ ಮಾಡ್ತಾರೆ. ಸ್ವೀಡನ್, ಫಿನ್ಲೆಂಡ್ ಕಡೆ ಇನ್ನೂ ಮಜಾ. ಅಲ್ಲಿನ ಫೋಕ್‌ರೇಸಿನಲ್ಲಿ ರೇಸು ಮುಗಿದ ಮೇಲೆ ಯಾರಾದರೂ ಕೊಳ್ತೀನಿ ಅಂದರೆ ಗೊತ್ತುಮಾಡಿದ ಬೆಲೆಗೆ ಕಾರು ಕೊಟ್ಟುಬಿಡಬೇಕು. ಹಾಗಾಗಿ ಯಾರೂ ಗುಟ್ಟಾಗಿ ಹೆಚ್ಚು ದುಡ್ಡು ಸುರಿಯೋ ಹಾಗಿಲ್ಲ. ನಮ್ಮಲ್ಲಿ ಆ ನಿಯಮ ಬಂದರೆ ನಾನಂತೂ ರಾತ್ರಿಯೇ ಕಾರು ಬಚ್ಚಿಡ್ತೀನಿ.

ಇನ್ನೊಂದು. ಈ ಕಾರನ್ನು ರಸ್ತೆಯಲ್ಲಿ ಓಡಿಸೋ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಆರ್‌ಸಿಯಲ್ಲಿ ಇರೋ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಬಾರದು. ಐದು ಜನ ಕೂರೋ ಕಾರಿನಲ್ಲಿ ಒಂದೇ ಸೀಟು ಇಟ್ಟುಕೊಂಡು ಪೊಲೀಸರಿಗೆ ಏನಂತ ಹೇಳೋದು? ಕ್ಯಾಂಟರಿನಲ್ಲಿ ಹಾಕಿಕೊಂಡೇ ಹೋಗಬೇಕು. ತೋಟದಲ್ಲಿ ಕಾಫಿ ಮೂಟೆ ತುಂಬೋಕೆ ಇರೋ ಧರೆಗೆ ಕ್ಯಾಂಟರನ್ನು ಹಿಮ್ಮುಖ ನಿಲ್ಲಿಸಿ, ಎರಡು ಹಲಗೆ ಹಾಕಿ, ಕಾರನ್ನು ಓಡಿಸಿಕೊಂಡೇ ಮೇಲೆ ಹತ್ತಿಸಿದೆವು.

ಜನವರಿಯ ಒಂದು ಭಾನುವಾರ, ಕೊಡಗಿನ ಒಂದು ಗದ್ದೆ. ಮೇಸ್ತ್ರಿಯೂ ಬಂದರು. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ರೇಸಿಗೆ ಮುಂಚೆ ಕಾರುಗಳ ತಪಾಸಣೆ ಇರುತ್ತೆ. ಬೆಂಕಿ ಸಿಲಿಂಡರಿನ ಕೆಂಪು 'ಇ', ಬ್ಯಾಟರಿ ಸ್ವಿಚ್ಚಿನ ನೀಲಿ ತ್ರಿಕೋನ, ಅದರೊಳಗಿನ ಕೆಂಪು ಮಿಂಚು ಎಲ್ಲಾ ನನ್ನ ಅಂಗಡಿಯಲ್ಲೇ ಪ್ರಿಂಟಾದವು, ಅದಕ್ಕೆ ಮಾತ್ರ ದುಡ್ಡು ಬೀಳಲಿಲ್ಲ. ತಪಾಸಣೆಯವರು ಟಾರ್ಚ್ ಲೈಟು ಹಿಡಿದು ಕಾರಿನೊಳಗೆ ತೂರಿಕೊಂಡರು. ಕೇಜಿನ ಕಾಲಿನ ಪ್ಲೇಟುಗಳ ಮೇಲೆ ಬೆಳಕು ಬಿಟ್ಟರು. ಟಾಪಿನ ಕೆಳಗೆ ಬೆರಳು ತೂರಿಸೋಕೆ ನೋಡಿದರು, ಆಗಲಿಲ್ಲ. ಸಣ್ಣ ಕನ್ನಡಿ ಹಿಡಿದು ಜೋಡಣೆಯ ಮೇಲ್ಭಾಗ ನೋಡಿದರು. ಅಲ್ಲೂ ವೆಲ್ಡಿಂಗು ಸುತ್ತ ಬಂದಿತ್ತು. "ಇಲ್ಲಿ ಹೇಗೆ ಮಾಡಿದ್ರಿ?" ಅಂದರು. ನಾನು ತಿರುಗಿ ನೋಡಿದರೆ ಮೇಸ್ತ್ರಿ ಕ್ಯಾಂಟರಿನ ಹಿಂದೆ ಹೋಗಿ ನಿಂತಿದ್ದರು, ಏನೋ ತಪ್ಪು ಸಿಕ್ಕಿಬಿದ್ದಿದೆ ಅಂದುಕೊಂಡು.

ಓಟದ ಬಗ್ಗೆ ಹೇಳೋದು ಹೆಚ್ಚಿಲ್ಲ. ಎರಡು ಸಲ ಓಡಿಸೋಕೆ ಸಿಕ್ಕಿತು. ಮೊದಲನೆಯದರಲ್ಲಿ ಒಂದು ತಿರುವು ತಪ್ಪಿಸಿಕೊಂಡೆ. ಎರಡನೆಯದರಲ್ಲಿ ಎಲ್ಲಾ ಸರಿ ಹೋಗಿ, ಕೊನೆಯ ಎಡ ತಿರುವಿನಲ್ಲಿ ಹಿಂಭಾಗ ಹೆಚ್ಚು ಜಾರಿ, ಗುರುತಿಗೆ ಇಟ್ಟ ಟೈರಿನ ರಾಶಿಗೆ ಎಡಗಡೆ ಹಿಂದಿನ ಬಾಗಿಲು ಬಡಿಯಿತು. ಸಣ್ಣ ಎಂಜಿನ್ನಿನವರ ಗುಂಪಿನಲ್ಲಿ 19 ಕಾರು, ನಾನು 11ನೆಯವನು. ಮನೆಗೆ ಫೋನ್ ಮಾಡಿ ಹನ್ನೊಂದು ಅಂದೆ. "ಬಹುಮಾನ ಎಷ್ಟನೆಯವರ ತನಕ?" ಅಂತ ಹೆಂಡತಿ ಕೇಳಿದಳು.

ಮೇಸ್ತ್ರಿ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಮುಖ ಗದ್ದೆ ಕಡೆ, ಅಂಗೈ ತಗಡಿನ ಮೇಲೆ.

"ಮೂರನೇ ಸಲ ಸಾರ್, ಈ ಬಾಗಿಲಿಗೆ."

"ಇರಲಿ ಬಿಡಿ ಮೇಸ್ತ್ರಿ. ಒಳಗಿಂದ ತಟ್ಟಿಬಿಡಿ ಸಾಕು."

"ತಟ್ಟಿ, ತೆಳ್ಳಗೆ ಒಂದೇ ಒಂದು ಕೋಟು..."

"ಪುಟ್ಟಿ ಬೇಡ."

"ಬೇಡ ಅಂದ್ರೆ ಬೇಡ."

ಮುಂದಿನ ವಾರ ಅಂಗಡಿ ಬಾಗಿಲು ಹಾಕಿಕೊಂಡು ಶೆಡ್ಡಿಗೆ ಹೋದೆ. ಮೇಸ್ತ್ರಿ ಇರಲಿಲ್ಲ, ಪೇಟೆಗೆ ಹೋಗಿದ್ದರಂತೆ. ಕಾರು ಮೂಲೆಯಲ್ಲಿ ನಿಂತಿತ್ತು. ಬಾಗಿಲು ಕನ್ನಡಿಯ ಹಾಗೆ ನುಣ್ಣಗೆ, ಬಿಳಿ ಬಣ್ಣ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ. ಸುತ್ತಿಗೆಯಲ್ಲಿ ಇಷ್ಟು ಚೆನ್ನಾಗಿ ಬರುತ್ತಾ ಅಂದುಕೊಂಡೆ. ಅಂಗೈ ಎಳೆದೆ, ನನಗೆ ಏನೂ ತಿಳಿಯಲಿಲ್ಲ. ಜೇಬಿನಿಂದ ಮ್ಯಾಗ್ನೆಟ್ ತೆಗೆದು ಬಾಗಿಲ ನಡುವೆ ಇಟ್ಟು ಕೈ ಬಿಟ್ಟೆ.

ಮೆಲ್ಲಗೆ ಜಾರಿತು.